ತಂಬಿಗಿಯೊಳಗಿನ ಬಾವಿ ನೀರು

ಇಂಡಿ ಬಸ್ ನಿಲ್ದಾಣದಾಗ ಲಿಂಬಿಹಣ್ಣಿನ ಚೀಲದ ಮ್ಯಾಲ ಕುಂತಿದ್ದ ಹೊರ್ತಿಯ ಬಸಂತರಾಯ ಇನ್ನೂ ಕುದೀತಿದ್ದ. ನಿನ್ನೆ ಸಂಜೀಕ ಈಚಲ ಸಿಂದಿ ಅಂಗಡಿಯವನ ಕೂಡ, "ಇದು ಸಿಂದಿಯೋ, ನೀರೋ?" ಅಂತ ಜಗಳಾಡಿ ಬಂದಿದ್ದ. ಅಷ್ಟರಾಗ ಬೆನ್ನ ಹಿಂದ ಕುಂತಿದ್ದ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು.

"ಯಾಕ ಲಕ್ಕವ್ವ, ನಿನ್ನ ಮಗ ಸಿಂದಿ ಕುಡ್ಯಾಕ ಕಲತಾನಂತ?"

"ಕಲೀದ ಏನ್ ಮಾಡ್ಯಾನ ಚನ್ನವ್ವಕ್ಕ? ದಿನಾ ಸಂಜೀಕ ತಂಬಿಗಿ ಕೊಟ್ಟು ಸಿಂದಿ ತರಾಕ ಕಳಸಾವರು ಅವರಪ್ಪನೇ."

"ಅಂಗಡ್ಯಾಗ ಕುಡೀತಿದ್ನೇನು?"

"ಇಲ್ಲ ಯಕ್ಕಾ. ಓಣಿ ಹುಡುಗರೆಲ್ಲಾ ತಂಬಿಗಿ ಹಿಡಕೊಂಡು ಬರೂ ಮುಂದ ಬಾವಿ ಕಟ್ಟಿಗಿ ಕುಂಡ್ರೋದು. ಒಬ್ಬ ಕುಡದ್ರ ಎಲ್ಲಾರೂ ಕುಡೀಬೇಕು, ಒಲ್ಲೆ ಅಂದವನ್ನ ನೋಡಿ ನಗೋದು. ಕಮ್ಮಿ ಬಿದ್ದಷ್ಟು ಬಾವಿ ನೀರು ಸುರವಿದ್ರ ಆತು."

"ಗಂಡಸರಿಗೆ ಗೊತ್ತಾಗಲಿಲ್ಲ?"

"ಅವರು ಅಂಗಡಿಯವಗ ಬೈಕೋತ ಕುಂತಾರ!"

ಬಸಂತರಾಯನ ಕಿವಿ ನೆಟ್ಟಗಾದವು.

"ಈಗೇನ ಮಾಡೀದಿ?"

"ಆ ಹೊತ್ತಿಗೆ ಮಗನ್ನ ಎಮ್ಮಿ ಹಿಂಡಾಕ ಹಚ್ಚೇನಿ. ತಂಬಿಗಿ ನಾನ ತಗೊಂಡು ಹೋಗ್ತೇನಿ."

"ಅಯ್ಯ, ನೀ ಸಿಂದಿ ಅಂಗಡಿಗಿ?"

"ಹಿತ್ತಲಕ್ಕ! ಹುಳಿ ಅಂಬಲಿ ತಿಳಿ ತುಂಬಿ ತಂದು ಕೊಡ್ತೇನಿ. ನಿನ್ನೆ ನಮ್ಮನಿಯವರು ಅದನ್ನ ಕುಡದು ಹಾಡೂ ಹಾಡಿದ್ರು."

ಇಬ್ಬರೂ ನಕ್ಕೋತ ಲಚ್ಯಾಣದ ಬಸ್ ಹತ್ತಿದರು. ಬಸಂತರಾಯನ ನಗು ಮಾತ್ರ ಅರ್ಧಕ್ಕ ನಿಂತಿತು. ಅವನ ತಂಬಿಗಿ ತರಾಂವ ಹದಿನೈದು ವರ್ಷದ ಮಗ. ಇತ್ತೀಚಿಗೆ ಕರಿಯೂಕಿಂತ ಮೊದಲ ಬಂದು, "ಅಪ್ಪಾ, ಹೊತ್ತಾತು, ತಂಬಿಗಿ ಕೊಡ್ರಿ" ಅಂತ ತಾನ ನೆನಪು ಮಾಡತಿದ್ದ.