ಮಂಗಳಕ್ಕೆ ಏಳದವನು

…ಅಯ್ಯೋ, ಅದೇನು ದೊಡ್ಡ ಕೆಲಸ ಬುಡಿ ಅಮ್ಮ. ಆ ಕೊಡತಿ ಇತ್ತ ಕೊಡಿ, ನಾಲ್ಕು ಹಣ್ಣು ನಾನೂ ಕುಟ್ತೀನಿ. ಬ್ಯಾಡ್ವಾ? ಸರಿ, ಹುಣಸೆ ನೀವೇ ಕುಟ್ಟಿ, ನಾನು ನಾರು ಬಿಡಿಸ್ತೀನಿ. ಬರೀ ಕೈಯಲ್ಲಿ ಕುಂತು ಮಾತಾಡಕ್ಕೆ ನನಗೆ ಬರಲ್ಲ. ಕೊರಟಗೆರೆ ಅಂಗಡೀಲೂ ಅಷ್ಟೇ, ಕಂಪ್ಯೂಟರ್ ಮೇಲೆ ಬೆರಳು ಆಡ್ತಿದ್ರೇನೇ ಬಾಯೂ ಆಡೋದು.

ಜ್ಯೋತಿಲಕ್ಷ್ಮಿ ಇಲ್ವಾ? ಟೈಲರಿಂಗ್ ಕಲಿಯಕ್ಕೆ ಹೋದ್ಲಾ ನಿಮ್ಮ ಮಗಳು. ಹೋಗ್ಲಿ ಬುಡಿ, ಒಳ್ಳೇದೇ ಆಯ್ತು.

ನಿಮಗೆ ನೆನಪೈತಾ, ವಿಧವಾ ಪಿಂಚಣಿ ಅರ್ಜಿ ಟೈಪ್ ಮಾಡಿಸಕ್ಕೆ ನಮ್ಮಂಗಡಿಗೆ ಬಂದಿದ್ರಿ. ಯಜಮಾನರ ಹೆಸರು ಹೇಳಿ ಅಂದ್ರೆ ಸೆರಗು ಬಾಯಿಗೆ ಇಟ್ಕಂಡು ನಿಂತ್ರಿ. ಗಂಡನ ಹೆಸರು ಹೇಳಬಾರ್ದು, ಆಯುಸ್ಸು ಕಮ್ಮಿ ಆಗ್ತದೆ ಅಂತ. ಅವರು ಹೋಗಿ ಅಷ್ಟು ವರ್ಷ ಆಗೈತಲ್ಲಮ್ಮ, ಇನ್ನೆಲ್ಲಿ ಆಯುಸ್ಸು ಅಂತ ನಾನು ರೇಗಿಸಿದ್ರೆ, ರಸ್ತೇಲಿ ಹೋಗ್ತಿದ್ದ ದೊಡ್ಡಕ್ಕನ್ನ ಕರೆದು ಅವಳ ಬಾಯಲ್ಲಿ ಹೇಳಿಸಿದ್ರಿ. ನಾನು ಹೊಟ್ಟೆ ಹಿಡ್ಕಂಡು ನಕ್ಕಿದ್ದೆ.

ನೋಡಿ, ಈಗ ನೀವೂ ನಗ್ತಿದೀರ. ನಗಿ. ಈ ಮನೇಲಿ ನಗು ಕೇಳಿ ವರ್ಷ ಆಗಿತ್ತು.

ಇಲ್ಲ ಇಲ್ಲ, ಅಳಿಸಕ್ಕೆ ಬಂದಿಲ್ಲ. ಒಂದು ಮಾತು ಕೇಳಬೇಕಿತ್ತು. ನಾಟಕದ ಓಬಳಯ್ಯ ಮೇಷ್ಟ್ರು ಕಳಿಸಿದ್ರು… ಅಂದ್ರೆ, ಅವರೇನು ಕಳಿಸಲಿಲ್ಲ, ನಾನೇ ಹೋಗಿ ಕೇಳ್ತೀನಿ ಅಂದೆ. ಅವರು ಹಾರ್ಮೋನಿಯಂ ಒರೆಸ್ತಾ, ಗಂಗಲಕ್ಷ್ಮಮ್ಮ ಒಪ್ಪಿದ್ರೆ ನಂದೇನೂ ಅಡ್ಡಿಯಿಲ್ಲ ಅಂದ್ರು. ಕೇಳ್ತೀನಿ, ಮೊದಲು ಈ ರಾಶಿ ಮುಗೀಲಿ. ಆಮೇಲೆ ಹೋದ್ಸಲದಂಗೆ ಆ ಗೂಡಿನಿಂದ ಕುಂಕುಮದ ಬಟ್ಟಲು ತಂದು ಮುಂದಿಟ್ಟು, ನಾನು ಇಡಂಗಿಲ್ಲ ನೀನೇ ಇಟ್ಕೊಳವ್ವ ಅನ್ನಿ. ಒಂದು ಬೊಟ್ಟು ಇಟ್ಕಂಡು ಮನೆಗೆ ಹೋಗ್ತೀನಿ.

ಬರೆಯೋದಾ? ಬರೀತಿದೀನಿ ಕಣಮ್ಮ. ಅಡವಯ್ಯನ ಮಗಳು ಲೋಹಿತಾ ಕಥೆ ಬರೀತಾಳಂತೆ, ಕಥೆ ಬಿತ್ತಿದ್ರೆ ರಾಗಿ ಬೆಳೀತದಾ ಅಂತ ತೋವಿನಕೆರೆ ಸಂತೇಲೆಲ್ಲ ಆಡ್ಕಂತಾರೆ. ಆಡ್ಕಳ್ಳಿ. ಒಂದಲ್ಲ, ಮೂರು ಹಿಡ್ಕಂಡಿದೀನಿ. ಮದಲೂರು ಕೆರೆ ತುಂಬಿದ ವರ್ಷದ್ದು ಒಂದು ಕಾದಂಬರಿ. ಪತ್ರಿಕೆ ಸ್ಪರ್ಧೆಗೆ ಅಂತ ಒಂದು ಕಥೆ. ನಮ್ಮೂರ ಶಾಲೆ ಮಕ್ಕಳಿಗೆ ಒಂದು ಸಣ್ಣ ನಾಟಕ. ಮೂರೂ ಅರ್ಧಕ್ಕೆ ನಿಂತವೆ. ಮಳೆ ಕೈಕೊಟ್ಟ ಹೊಲದಂಗೆ, ಮೊಳಕಾಲುದ್ದ ಎದ್ದವೆ, ತೆನೆ ಇಲ್ಲ.

ಯಾಕೆ ಅಂದ್ರೆ… ಹೇಳಿದ್ರೆ ಹುಚ್ಚಿ ಅಂತೀರ.

ನಿಮ್ಮ ಮಗ ಬಂದ್ಬುಡ್ತಾನೆ ಕಣಮ್ಮ.

ಕುಟ್ಟಿ, ಯಾಕೆ ನಿಲ್ಲಿಸಿದ್ರಿ. ಹೆದರೋ ಅಂಥದ್ದೇನಿಲ್ಲ. ದೆವ್ವ ಗಿವ್ವ ಅಲ್ಲ. ಬರೆಯೋವಾಗ ಬರ್ತಾನೆ. ಕಾದಂಬರೀಲಿ ಮದಲೂರು ಕೆರೆಗೆ ಬಲೆ ಬೀಸೋ ಒಬ್ಬ ಮುದುಕನ್ನ ತಂದೆ. ಎರಡು ಪುಟ ಬರೆದು ನೋಡ್ತೀನಿ, ಮುದುಕ ಭುಜಕ್ಕೆ ಮೂಗು ಒರೆಸ್ಕಂತವ್ನೆ, ನಿಮ್ಮ ಮಗನಂಗೇ. ಸ್ಪರ್ಧೆ ಕಥೇಲಿ ಪಾವಗಡದ ಕಡೆಯ ಲಾರಿ ಡ್ರೈವರು, ಅರ್ಧ ತೆಲುಗು ಮಾತಾಡೋನು. ಅವನು ಊಟಕ್ಕೆ ಕುಂತ. ಮೊದಲು ಉಪ್ಪಿನಕಾಯಿ ನೆಕ್ಕಿ, ಕಣ್ಣು ಮುಚ್ಚಿ ಒಂದ್ಸಲ ತಲೆ ಕೊಡವಿ, ಆಮೇಲೆ ಮುದ್ದೆಗೆ ಕೈ ಹಾಕಿದ. ಮಕ್ಕಳ ನಾಟಕದಲ್ಲಿ ಒಂದು ನರಿ ಬರ್ತದೆ. ನರೀನೂ ನಿಮ್ಮ ಮಗನೇ.

ಹೂಂ? ಉಪ್ಪಿನಕಾಯಿ ವಿಷಯ ನನಗೆ ಹೆಂಗೆ ಗೊತ್ತು ಅಂದ್ರೆ… ನಾಟಕದ ತಾಲೀಮಿನಲ್ಲಿ ಎಲ್ಲರಿಗೂ ಒಟ್ಟಿಗೇ ಊಟ ಅಲ್ವಾ ಅಮ್ಮ. ಕಂಡಿರ್ತೀನಿ.

ಬಂದ್ರೆ ಬರ್ಲಿ, ಅದಕ್ಕಲ್ಲ ನಾನು ಅಳೋದು. ಬರ್ತಾನೆ, ಓಡಾಡ್ತಾನೆ, ನಗಿಸ್ತಾನೆ, ಆಮೇಲೆ ಕಥೆ ನಡುವೆ ಬಂದು ಅಂಗಾತ ಮಲಕ್ಕಂಬುಡ್ತಾನೆ. ಕೆರೆ ಏರಿ ಮೇಲೆ. ಲಾರಿ ಕೆಳಗೆ. ಮಕ್ಕಳ ಮಧ್ಯೆ. ಮಲಗಿದ ಅಂದ್ರೆ ಏಳಲ್ಲ. ಅವನನ್ನ ದಾಟ್ಕಂಡು ಮುಂದಿನ ಸಾಲು ಹೆಂಗೆ ಬರೀಲಿ? ಏಳು ಅಂತ ಬರೆದ್ರೂ ಏಳಲ್ಲ. ಒಂದೇ ಮಾತು ಅವನದು: "ಇನ್ನೂ ಮಲಗೇ ಇದೀನಿ ಕಣೇ, ಬೆನ್ನಿಗೆ ಮಣ್ಣು ತಣ್ಣಗೆ ಹತ್ತತೈತೆ, ಯಾವಾಗ ಕೂಗ್ತೀಯ?"

ಯಾಕೆ ಅಂಗಂತಾನೆ ಅಂತ ನಿಮಗೂ ಗೊತ್ತು. ಅವತ್ತು ಮುಂದಿನ ಸಾಲಲ್ಲೇ ಕುಂತಿದ್ರಿ.

ನಾನು ಬರೆದ ಮೊದಲ್ನೇ ನಾಟಕ ಅದು. ನಮ್ಮ ತಂಡ ಅಲ್ಲೀತಂಕ ಪೌರಾಣಿಕ ಬಿಟ್ಟು ಬೇರೆ ಆಡಿದ್ದೇ ಇಲ್ಲ. ಕೋಟೆ ಬಾಗಿಲು ಕಾಯೋನ ಕಥೆ, ಯಾರು ಬಂದ್ರೂ ಬಾಗಿಲು ತೆಗೆಯದೆ ಅಲ್ಲೇ ಸಾಯ್ತಾನೆ. ಆ ಪಾರ್ಟು ನಿಮ್ಮ ಮಗನಿಗೆ ಅಂತಲೇ ಬರೆದಿದ್ದು. ಸಾಯೋದನ್ನೂ ನಾನೇ ಬರೆದೆ. ಚೆನ್ನಾಗಿ ಬರೆದೆ ಅಂತ ಜಂಬ ಬೇರೆ. ಮಾತು ಎತ್ಕೊಡೋ ಕೆಲಸವೂ ನಂದೇ. ಪರದೆ ಪಕ್ಕ ಕುಂತು ಮೊದಲ ಎರಡು ಪದ ನಾನು ಅಂದ್ರೆ ಸಾಕು, ಮಿಕ್ಕಿದ್ದು ಅವನು ತಗೊಂಡು ಹೋಗೋನು. ಆಮೇಲಾಮೇಲೆ ನಾಟಕದ ಹೊರಗೂ ಅಂಗೇ ಆಯ್ತು. ನಾನು ಎರಡು ಪದ, ಅವನು ಮಿಕ್ಕಿದ್ದು… ಸ್ನೇಹ ಅಮ್ಮ. ಒಟ್ಟಿಗೆ ಕೆಲಸ ಮಾಡಿದ್ರೆ ಅಂಗೇ ಆಗ್ತದೆ.

ನಾಟಕಕ್ಕೆ ಮುಂಚೆ ಸಿದ್ದರಬೆಟ್ಟಕ್ಕೆ ಹೋಗಿ ಕೈಮುಗಿದು ಬಂದಿದ್ವಿ. ತಂಡದೋರು. ಎಲ್ರೂ ಅಲ್ಲ, ನಾಲ್ಕೈದು ಜನ. ಯಾರ್ಯಾರು ಅಂದ್ರೆ… ಈಗ ನೆನಪಿಲ್ಲ ಬುಡಿ.

ನಮ್ಮ ಮೇಷ್ಟ್ರ ಪದ್ಧತಿ ನೀವು ನೋಡಿದೀರಲ್ಲ. ನಾಟಕದಲ್ಲಿ ಸತ್ತೋರು ಕೊನೇತಂಕ ಅಲ್ಲೇ ಮಲಗಿರಬೇಕು. ಮಂಗಳಾರತಿಗೆ ಮುಂಚೆ ಎತ್ಕೊಡೋರು ಒಬ್ಬೊಬ್ಬರ ನಿಜವಾದ ಹೆಸರು ಹಿಡಿದು ಕೂಗಬೇಕು. ಹೆಸರು ಕೂಗಿದ ಮೇಲೇನೇ ಎದ್ದು ಬಂದು ಆರತಿಗೆ ನಿಲ್ಲೋದು. ಪಾತ್ರ ಇಳಿಸೋದು ಅಂತಾರೆ ಅದಕ್ಕೆ. ಕೂಗದೆ ಎದ್ದರೆ ಪಾತ್ರದ ಸಾವು ಮೈಮೇಲೇ ಉಳೀತದೆ ಅಂತ ಮೇಷ್ಟ್ರ ಗುರುಗಳು ಹೇಳ್ತಿದ್ರಂತೆ. ನಾನು ನಕ್ಕಿದ್ದೆ ಅದಕ್ಕೂ. ಬರೆಯೋಳಲ್ವಾ, ಎಲ್ಲದಕ್ಕೂ ನಗೋದು ನನ್ನ ಜಾಯಮಾನ.

ಅವತ್ತು ಮಳೆ ಬಂತು. ಮೋಡ ಇತ್ತು, ಆದ್ರೂ ಕೊನೇತಂಕ ತಡೀತು. ನಾನು ಕೂಗಕ್ಕೆ ಶುರು ಮಾಡಿದ್ದೆ, ಎಲ್ರೂ ಎದ್ದಿದ್ರು, ನಿಮ್ಮ ಮಗ ಒಬ್ಬ ಬಾಕಿ. ಅಷ್ಟರಲ್ಲಿ ದಪ್ಪ ಹನಿ ಬಿತ್ತು, ಕರೆಂಟು ಹೋಯ್ತು, ಜನ ಚಾಪೆ ತಲೆ ಮೇಲೆ ಹೊತ್ಕಂಡು ಓಡಿದ್ರು. ಆರತಿ ಆಗಲೇ ಇಲ್ಲ. ಅವನು ಕತ್ತಲಲ್ಲಿ ತಾನೇ ಎದ್ದು ಬಂದ. ಪರದೆ ಹಿಂದೆ ನನ್ನ ಹತ್ರ ಬಂದು, ತಲೆಯಿಂದ ನೀರು ಸುರೀತಿತ್ತು, "ಯಾಕೆ ಕೂಗಲಿಲ್ಲ?" ಅಂದ. ಬೈದಿದ್ದಲ್ಲ, ನಗ್ತಾ ಕೇಳಿದ್ದು.

ಆ ವಾರದಲ್ಲೇ ಬಾಡಿಗೆ ಡ್ರೆಸ್ಸು ವಾಪಸ್ ಕೊಡಕ್ಕೆ ಅಂತ ಮಧುಗಿರಿಗೆ ಹೋದ. ಬೈಕಿನ ಹಿಂದೆ ಗಂಟು ಕಟ್ಟಿದ್ದು ನೀವೇ ಅಲ್ವಾ. ಲೈಟಿಲ್ಲದ ಟ್ರ್ಯಾಕ್ಟರ್ ರಸ್ತೇಲಿ ನಿಂತಿತ್ತು… ಬುಡಿ. ನಿಮಗೆ ನಾನೇನು ಹೇಳೋದು.

ತಿಥಿ ಕಾರ್ಡು ನಮ್ಮಂಗಡಿಗೇ ಬಂತು. ನಾನೇ ಟೈಪ್ ಮಾಡಿದೆ. ಹೆಸರು ಹಾಕಿದೆ, ಬೆರಳಿಗೆ ಏನೂ ಅಡ್ಡಿಯಿಲ್ಲ, ಬೆರಳು ಹೊಡೀತು. ಕೆಳಗೆ ದುಃಖತಪ್ತರು ಅಂತ ನಿಮ್ಮ ಹೆಸರು, ಜ್ಯೋತಿಲಕ್ಷ್ಮಿ ಹೆಸರು, ಆಮೇಲೆ ಬಂಧುಮಿತ್ರರು. ಬಂಧುಮಿತ್ರರು ಅನ್ನೋದನ್ನ ಮಾತ್ರ ನಾನು ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕಿದೆ. ಮಾಲೀಕರು ಯಾಕೆ ಅಂತ ಬೈದ್ರು. ತೆಗೆದೆ.

ಸರಿ. ರಾಶಿ ಮುಗೀತು, ಕೇಳ್ಬುಡ್ತೀನಿ.

ಬರೋ ಹುಣ್ಣಿಮೆಗೆ ಆ ನಾಟಕ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಗಿಸೋಣ ಅಂತ. ಪೂರ್ತಿ ಆಡಲ್ಲ. ಅದೇ ಶಾಲೆ ಬಯಲು, ಅದೇ ಜನ, ಬರೀ ಮಂಗಳ. ಅವನು ಮಲಗಿದ್ದ ಜಾಗ ಹಂಗೇ ಖಾಲಿ ಬಿಡ್ತೀವಿ. ನೀವು ಬರಬೇಕಮ್ಮ. ಬಂದು, ಅಲ್ಲಿ ನಿಂತು, ಅವನ ಹೆಸರು ಕೂಗಬೇಕು. ಒಂದೇ ಒಂದ್ಸಲ. ಅವನು ಎದ್ದೋಗ್ಲಿ. ವರ್ಷದಿಂದ ಮಲಗವ್ನೆ.

ಅಳಬ್ಯಾಡಿ. ಅಳಬ್ಯಾಡಿ ಅಮ್ಮ, ನಾನು ಅಂಗೆ…

ಬರ್ತೀರಾ? ಬರ್ತೀರ. ಅಬ್ಬಾ. ನೀವು ಬೈದು ಕಳಿಸ್ತೀರ ಅಂತಲೇ ಅಂದ್ಕಂಡಿದ್ದೆ.

ಏನು? ನಾನಾ? ಇಲ್ಲ, ನೀವೇ ಕೂಗಿ. ಹೂಂ, ಎತ್ಕೊಡೋಳು ನಾನೇ, ಕೂಗೋ ಕೆಲಸ ನಂದೇ. ಆದ್ರೂ ಹೆತ್ತೋರು ನೀವು. ನನಗೆ ಆಗಲ್ಲ. ಅಷ್ಟು ಜನರ ಮುಂದೆ… ಅಯ್ಯೋ, ಜನ ಅಂದ್ರೆ ನನಗೇನು ಹೆದರಿಕೆ, ಅದಲ್ಲ. ಧೂಳು ಆಗಲ್ಲ ನನಗೆ. ಮಾಘ ಮಾಸದ ಧೂಳು.

ಅವತ್ತಾ? ಅವತ್ತು ಕೂಗೋ ಹೊತ್ತಿಗೆ ಮಳೆ ಬಂತು ಅಂದ್ನಲ್ಲ. ಅವನ ಸರದಿ ಬಂತು, ಮಳೆ ಬಂತು. ಮಳೆ ಮುಂಚೆ ಬಂತು. ಅಂದ್ರೆ ಸ್ವಲ್ಪ ಹೊತ್ತು… ನಾನು ಬಾಯಿ ತೆಗೆದು ನಿಂತಿದ್ದೆ, ಸ್ವಲ್ಪ ಹೊತ್ತು. ನೀವು ನೋಡಿದ್ರಾ? ಮುಂದಿನ ಸಾಲಲ್ಲೇ ಇದ್ರಿ ಅಲ್ವಾ.

ಆಗಲಿ, ಹೊತ್ತಾಯ್ತು. ಬಟ್ಟಲು ಕೊಡಿ, ಹೊರಡ್ತೀನಿ. ಏಳಬ್ಯಾಡಿ, ಗೂಡಿನಿಂದ ನಾನೇ… ಸರಿ, ನೀವೇ ತನ್ನಿ.

ಕೊಡಿ ಅಮ್ಮ.

ಯಾಕೆ ಅಂಗೇ ನಿಂತ್ರಿ? "ನೀನೇ ಇಟ್ಕೊಳವ್ವ" ಅನ್ನಿ. ಕೈಯಲ್ಲೇ ಹಿಡ್ಕಂಡು ಏನು ನೋಡ್ತೀರ ನನ್ನ ಹಣೇನ. ನಾನೇನಾದ್ರೂ ತಪ್ಪು ಮಾತಾಡಿದ್ನಾ? ಮಧ್ಯಾಹ್ನದಿಂದ ನಿಮ್ಮ ಮಗ, ನಿಮ್ಮ ಮಗ ಅಂತ ಅವನದೇ ಮಾತಾಡಿದ್ದು. ನಿಮ್ಮ ಮಗ ಅಂದೆ, ಅವನು ಅಂದೆ, ಕೋಟೆ ಕಾಯೋನು ಅಂದೆ…

ಒಂದ್ಸಲಾನೂ ಹೇಳಲಿಲ್ಲ, ಅಲ್ವಾ.

ಒಂದನೇ ಕ್ಲಾಸಿಂದ ಇದೇ ಬಾಗಿಲಲ್ಲಿ ನಿಂತು ಹೆಸರು ಹಿಡಿದು, ಲೋ ಬಾರೋ ಶಾಲೆಗೆ ಅಂತ ಕೂಗ್ತಿದ್ದೋಳು ನಾನು. ಊರಿಗೆಲ್ಲ ಕೇಳಂಗೆ ಕೂಗ್ತಿದ್ದೆ. ನೀವೇ ಬೈತಿದ್ರಿ.

ಏನಾದ್ರೂ ಅನ್ನಿ ಅಮ್ಮ. ಬೈರಿ. ಅಂಗಡೀಲಿ ನಿಮಗೆ ನಾನು ನಕ್ಕೆನಲ್ಲ, ನೀವೂ ನಗಿ ನನಗೆ. ಇಂಗೆ ಸುಮ್ನೆ ನೋಡಬ್ಯಾಡಿ.

ಸಿದ್ದರಬೆಟ್ಟಕ್ಕೆ ಇಬ್ರೇ ಹೋಗಿದ್ದು. ಅರಿಶಿನದ ದಾರ ಕಟ್ಟಿದ್ರು, ಅಷ್ಟೇ. ಜ್ಯೋತಿಲಕ್ಷ್ಮಿ ಮದುವೆ ಒಂದು ಆಗ್ಲಿ, ಅಮ್ಮನಿಗೆ ನಾನೇ ಹೇಳ್ತೀನಿ ಅಂದಿದ್ರು. ಅಲ್ಲೀತಂಕ ಯಾರಿಗೂ ಗೊತ್ತಾಗಬಾರ್ದು ಅಂದಿದ್ರು. ನಾಟಕದ ದಿನ ಎಲ್ಲರ ಹೆಸರೂ ಬಂತು ಬಾಯಿಗೆ. ಅವರದು ಬರಲಿಲ್ಲ. ಇವೆಲ್ಲ ನಂಬದೋಳು ನಾನು. ಆದ್ರೆ ನಾಲಿಗೆ ಏಳಲಿಲ್ಲ ಕಣಮ್ಮ, ಕೂಗಿದ್ರೆ ಆಯುಸ್ಸು ಕಮ್ಮಿ ಆಗ್ತದೇನೋ ಅಂತ ಹೆದರ್ಕಂಡು ನಿಂತೆ. ಮಳೆ ಆಮೇಲೆ ಬಂತು. ಈಗ ದಿನಾ ಕೂಗಕ್ಕೆ ನೋಡ್ತೀನಿ, ಬಾಗಿಲು ಹಾಕ್ಕಂಡು ನೋಡ್ತೀನಿ. ಈಗಲೂ ಬರಲ್ಲ. ಇನ್ನೆಲ್ಲಿ ಆಯುಸ್ಸು ಅಂತ ನಿಮಗೆ ನಾನೇ ಕೇಳಿದ್ದೆ.

ಅಮ್ಮ… ಬಟ್ಟಲು…

ಗೂಡಿಗೆ ವಾಪಸ್ ಇಟ್ಬುಟ್ರಾ.

ಗೊತ್ತಾಯ್ತು. ಈ ಮನೇಲಿ ನನಗೆ ಕುಂಕುಮ ಇಲ್ಲ. ಈ ಊರಲ್ಲಿ ಯಾರೂ ನನ್ನನ್ನ ಅವರ ಹೆಂಡ್ತಿ ಅಂತ ನೋಡಿರಲಿಲ್ಲ, ಒಬ್ರೂ. ವರ್ಷ ಪೂರ್ತಿ ಬೊಟ್ಟು ಇಟ್ಕಂಡು ಓಡಾಡಿದೀನಿ, ಕನ್ನಡಿ ನೋಡಿದಾಗೆಲ್ಲ ಸುಳ್ಳು ಹೇಳ್ತಿದೀನಿ ಅನ್ಸೋದು. ನೀವು ಬಟ್ಟಲು ಎತ್ತಿಟ್ರಿ. ಅಷ್ಟಕ್ಕೇ ಎದೆ ಒಡೀತು, ಅಷ್ಟಕ್ಕೇ ಹಗುರಾನೂ ಆಯ್ತು.

ಕೂತ್ಕಳ್ಳಿ ನೀವು. ಇನ್ನೊಂದು ಚೀಲ ಹಣ್ಣು ಹಂಗೇ ಐತೆ ಮೂಲೇಲಿ. ಕೊಡತಿ ಕೊಡಿ ಅತ್ತೆ, ನಾನು ಕುಟ್ತೀನಿ.