ನೋಡುವ ಹಕ್ಕು ಮಾತ್ರ

ಇದನ್ನು ನನಗೆ ಮೊದಲು ಹೇಳಿದವಳು ನನ್ನ ನಾದಿನಿ. ಯಾವ ಮಾತಿಗೂ ಒಂದು ಹಿಡಿ ಉಪ್ಪುಖಾರ ಹೆಚ್ಚಿಗೇ ಹಾಕುವವಳು, ನಿಜ. ಆದರೆ ಇದನ್ನು ಹೇಳುವ ಮೊದಲು ಎದ್ದುಹೋಗಿ ಬಾಗಿಲ ಚಿಲಕ ನೋಡಿಕೊಂಡು ಬಂದಳು.

ನಡೆದದ್ದು ಅವಳ ಚಿಕ್ಕಮ್ಮನ ಮಗಳಿಗೆ. ಆಕೆಗೆ ಆಸ್ಪತ್ರೆಯೊಂದರಲ್ಲಿ ಬ್ಯಾಕಪ್ ಕೆಲಸ. ರೋಗಿಗಳ ದಾಖಲೆಯನ್ನೆಲ್ಲ ದಿನಾ ರಾತ್ರಿ ಇನ್ನೊಂದು ಕಡೆ ನಕಲು ಮಾಡಿಡುವುದು.

ಆವತ್ತು ಸಂಜೆ ಅಸಲು ದಾಖಲೆಗಳಿದ್ದ ಡಿಸ್ಕ್ ಕೈಕೊಟ್ಟಿತ್ತು. ಹೊಸದು ಬರುವುದು ಬೆಳಗ್ಗೆ. ಯಾರಿಗೆ ಯಾವ ಮಾತ್ರೆ, ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ... ಹನ್ನೆರಡು ವರ್ಷದ್ದಕ್ಕೆಲ್ಲ ಉಳಿದದ್ದು ಆ ಒಂದೇ ನಕಲು. ಅದನ್ನು ಎರಡೆರಡು ಸಲ ನೋಡಿ, ಹನ್ನೊಂದೂವರೆಗೆ ಮನೆಗೆ ಹೊರಟಳು. ಆಸ್ಪತ್ರೆಯ ಹಿಂದೆ ಜಾಲರಿ ಮುಚ್ಚಿದ ಹಾಳುಬಾವಿ. ಅದರ ಪಕ್ಕ ಬರುವಾಗ ಮೊಬೈಲು ಗುಂಯ್... ಅಂದಿತು. ಬ್ಯಾಕಪ್ ಸರ್ವರಿನಿಂದ ಸಂದೇಶ.

'ದೊಡ್ಡಣ್ಣ: ನೋಡುವವರ ಪಟ್ಟಿಯಿಂದ ನಡೆಸುವವರ ಪಟ್ಟಿಗೆ.'

ದೊಡ್ಡಣ್ಣ ಸತ್ತು ಐದು ತಿಂಗಳಾಗಿತ್ತು.

ಅವಳಿಗೆ ಕೆಲಸ ಕಲಿಸಿದವರು ಅವರೇ. ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದ ಹಳೇ ಮನುಷ್ಯ. ದಿನದ ವರದಿ ಇನ್ನೂ ಅವರ ಲಾಗಿನ್‌ನಿಂದಲೇ ಮ್ಯಾನೇಜರಿಗೆ ಹೋಗುತ್ತಿತ್ತು. ತೆಗೆದರೆ ವರದಿ ನಿಂತೀತು ಅಂತ ಯಾರೂ ಮುಟ್ಟಿರಲಿಲ್ಲ. "ಬರೀ ನೋಡೋ ಹಕ್ಕು ತಾನೆ? ಇರಲಿ ಬಿಡಮ್ಮ, ಪಾಪ" ಅಂದಿದ್ದರು ಮ್ಯಾನೇಜರ್.

ಓಡಿದಳು. ಸರ್ವರ್ ಕೋಣೆಯಲ್ಲಿ ಏಸಿಯದೊಂದೇ ಸದ್ದು... ಹೂಂ... ಅಂತ. ಮೇಜಿನ ಮೇಲಿನ ಪರದೆಯಲ್ಲಿ ಹೊಸ ಸಾಲು. 'ದೊಡ್ಡಣ್ಣ: ಒಡೆಯ.' ಅದರ ಕೆಳಗೆ ಅವಳದೇ ಹೆಸರು. 'ನೋಡುವ ಹಕ್ಕು ಮಾತ್ರ.'

ಮೊದಲ ವರ್ಷದ ದಾಖಲೆ ಅಳಿಯಿತು.

ಆಗ ಕೇಳಿಸಿತು. ಬೀಗ ಹಾಕಿದ ಕಬ್ಬಿಣದ ಬೀರುವಿನೊಳಗಿಂದ, ಸರ್ವರ್, ಅದರ ಸ್ವಿಚ್ಚು ಎಲ್ಲ ಇದ್ದಲ್ಲಿಂದ. ಟಕ್... ಟಕ್... ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಭಾರವಾಗಿ ಒಂದು ಠಪ್.

ಎರಡನೇ ವರ್ಷ.

ಮ್ಯಾನೇಜರಿಗೆ ಫೋನ್ ಮಾಡಿದಳು.

"ಸರ್, ಬೀರುವಿನ ಬೀಗದ ಕೈ..."

"ಮೆಲ್ಲಗೆ ಮಾತಾಡಮ್ಮ, ಮನೆಯವರು ಮಲಗಿದಾರೆ. ಏನಾಯ್ತು?"

"ದೊಡ್ಡಣ್ಣ ಅಳಿಸ್ತಿದಾರೆ ಸರ್."

"ಯಾರು?"

"ದೊಡ್ಡಣ್ಣ..."

"ಇಂಟರ್ನೆಟ್ ಲೈನ್ ಕೀಳು. ಬಂದೆ, ಇಪ್ಪತ್ತು ನಿಮಿಷ."

ಗೋಡೆಯಿಂದ ಕೇಬಲ್ ಕಿತ್ತಳು. ಠಪ್. ಐದನೇ ವರ್ಷ. ಬೀರುವಿನ ಬಾಗಿಲು ಗುದ್ದಿದಳು, ಕುರ್ಚಿ ಎತ್ತಿ ಹೊಡೆದಳು. ಕುರ್ಚಿಯ ಕಾಲು ಮುರಿಯಿತು. ಕೊನೆಗೆ ಬಾಗಿಲಿಗೆ ಹಣೆಯಿಟ್ಟು ಪಿಸುಗುಟ್ಟಿದಳಂತೆ: "ದೊಡ್ಡಣ್ಣ, ಬೆಳಗ್ಗೆ ಎಂಟಕ್ಕೆ ಆಪರೇಷನ್‌ಗಳಿವೆ. ಕೈಮುಗೀತೀನಿ, ಬಿಡಿ."

ಟಕ್... ಟಕ್... ನಿಂತಿತು.

ಅವಳು ಬಾಗಿಲಿಗೆ ಕಿವಿಯಿಟ್ಟಳು.

ಠಪ್.

ಮ್ಯಾನೇಜರ್ ತಿರುಗುಮುರುಗು ಅಂಗಿ ತೊಟ್ಟು ಬರುವಷ್ಟರಲ್ಲಿ ಪರದೆ ಖಾಲಿ. ಬೆಳಗ್ಗೆ ನರ್ಸುಗಳು ಹಾಳೆ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋದರು: "ಅಜ್ಜಾ, ನೀವು ತಗೊಳ್ಳೋ ಮಾತ್ರೆ ಯಾವ ಬಣ್ಣದ್ದು?" ಪ್ರಜ್ಞೆಯಿಲ್ಲದವರನ್ನು ಕೇಳುವುದೇನನ್ನು? ಆಪರೇಷನ್‌ಗಳೆಲ್ಲ ನಿಂತವು.

ಮೂರನೇ ದಿನ ಪರಿಣತರು ಬಂದರು. ಬ್ಯಾಕಪ್ ಸಾಫ್ಟ್‌ವೇರಿನಲ್ಲೇ ಒಂದು ಕಿಂಡಿ ಇತ್ತಂತೆ. ಬರೀ ನೋಡುವ ಹಕ್ಕಿದ್ದವನೂ ಅದರೊಳಗೆ ನುಸುಳಿ ಒಡೆಯನಾಗಬಹುದು. ಕಿಂಡಿ ಮುಚ್ಚುವ ಅಪ್‌ಡೇಟ್ ಬಂದು ಆರು ವಾರವಾಗಿತ್ತು. ಹಾಕಲೇ ಅಂತ ಇವಳು ಮೂರು ಸಲ ಕೇಳಿದ್ದಳು. "ಆಡಿಟ್ ಮುಗೀಲಿ" ಅಂದಿದ್ದರು ಮ್ಯಾನೇಜರ್. ಪರಿಣತರ ಮುಂದೆ ಅವರು ನೆಲ ನೋಡುತ್ತ ನಿಂತರು. ಇವಳೂ ನಿಂತಿದ್ದಳು, ನಾಲ್ಕನೇ ಸಲ ಕೇಳಬೇಕಿತ್ತು ಅಂದುಕೊಳ್ಳುತ್ತ.

ಅಲ್ಲಿಯವರೆಗೆ ಎಲ್ಲ ಸರಿ. ಆದರೆ ದೊಡ್ಡಣ್ಣನ ಪಾಸ್‌ವರ್ಡ್ ಒತ್ತಿದ್ದು ಎಲ್ಲಿಂದ? ಹೊರಗಿನಿಂದಲ್ಲ, ಬೀರುವಿನೊಳಗಿನ ಕೀಬೋರ್ಡಿನಿಂದ ಅಂತ ಸರ್ವರಿನಲ್ಲೇ ದಾಖಲಾಗಿತ್ತು.

ಎಲ್ಲರೆದುರು ಬೀರು ತೆಗೆದರು. ಕೀಬೋರ್ಡ್ ಒಳಗೇ ಇತ್ತು. ಯಾವುದಕ್ಕೂ ಸಿಕ್ಕಿಸಿರಲಿಲ್ಲ. ವಯರನ್ನು ನೀಟಾಗಿ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿತ್ತು. ಮೇಲೆ ಒಂದು ಪದರ ಧೂಳು, ಬೆರಳಿನ ಗುರುತು ಒಂದೂ ಇಲ್ಲ.

ನಂಬದಿದ್ದರೆ ಬಿಡಿ, ನಡೆದದ್ದಂತೂ ನಡೆದಿದೆ. ಆದರೆ ನಿಮಗೆ ಗೊತ್ತಿರುವವರು ಯಾರಾದರೂ ಬ್ಯಾಕಪ್ ಕೆಲಸದಲ್ಲಿದ್ದರೆ ಇದನ್ನು ಅವರಿಗೂ ಹೇಳಿ. ನಾಳೆ ಹೇಳಿದರಾಯಿತು ಅನ್ನಬೇಡಿ... ಇವತ್ತು, ಅವರು ಮಲಗುವ ಮುಂಚೆ.