ಲಿನಕ್ಸ್ ಹಾಕ್ಸಿ ಸಾರ್

ರಿಪೇರಿ ಅಂಗಡಿಯ ಬೆಂಚಿನಲ್ಲಿ ಪ್ರಿಂಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಟೀಚರಮ್ಮನ ಕಿವಿ ಪಕ್ಕದವರ ಮಾತಿಗೆ ಅಂಟಿಕೊಂಡಿತು. ಒಬ್ಬರು ಮುದ್ರಣಾಲಯದ ಯಜಮಾನರು, ಇನ್ನೊಬ್ಬರು ಅವರ ಟೈಪಿಸ್ಟು. ನಡುವೆ ಹಳೆಯ ಕಂಪ್ಯೂಟರ್.

“ಇದಕ್ಕೆ ಹೊಸ ವಿಂಡೋಸ್ ಹತ್ತಲ್ವಂತೆ. ಗುಜರಿಗೆ ಹಾಕೋಣ.”

“ಬೇಡ ಸಾರ್, ಹನ್ನೆರಡು ವರ್ಷ ದುಡಿದಿದೆ. ವಿಂಡೋಸ್ ಬದಲು ಲಿನಕ್ಸ್ ಹಾಕ್ಸಿ, ಕುದುರೆ ಥರ ಓಡುತ್ತೆ.”

“ನಮ್ಮ ಟೈಪಿಂಗ್ ಸಾಫ್ಟ್‌ವೇರು ಅದ್ರಲ್ಲಿ ಬರುತ್ತಾ?”

“ಬರಲ್ಲ ಸಾರ್. ಅದ್ರದ್ದೇ ಬೇರೆ ಇದೆ. ಬೆರಳು ಹೊಸದಾಗಿ ಪಳಗಬೇಕು.”

“ನಿಮ್ಮ ಬೆರಳು ಪಳಗೋಕೆ?”

“ಮೂರು ತಿಂಗಳು ಕೊಡಿ, ಕಲೀತೀನಿ.”

“ನನ್ನ ಸೊಸೆಗೆ ಲಿನಕ್ಸ್ ಟೈಪಿಂಗ್ ಈಗ್ಲೇ ಬರುತ್ತಲ್ಲ.”

ಟೈಪಿಸ್ಟು ಕಂಪ್ಯೂಟರಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು.

“ಆಗ್ಲಿ, ನಿಮ್ಮ ಮಾತೇ ನಡೀಲಿ. ಇದು ಇರುತ್ತೆ. ನೀವು ನಾಳೆಯಿಂದ ಬರಬೇಡಿ.”

ಒಳಗಿಂದ ಕರೆ ಬಂತು. ಯಜಮಾನರು ಮೊದಲು ಎದ್ದರು.

“ಎತ್ಕೊಳ್ಳಿ. ಮೆಲ್ಲಗೆ, ಹಳೇದು ಪಾಪ.”